ಡೆಮೋ ರಾಕೆಟ್ ಮೆತ್ತಗಿದೆ ಅಂತ ಕೊಳ್ಳಬೇಡಿ, ನಾನು ಕೊಂಡು ಕೈ ಕೆಡಿಸಿಕೊಂಡೆ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಹತ್ತು ವರ್ಷದಿಂದ ಟೆನಿಸ್ ಆಡುತ್ತಿದ್ದೇನೆ, ರಾಕೆಟ್ ಬಗ್ಗೆ ಅಷ್ಟೋ ಇಷ್ಟೋ ಗೊತ್ತು. ಆದರೂ ಮೋಸ ಹೋದೆ. ಇನ್ನೊಬ್ಬರ ಮೊಣಕೈ ಹಾಳಾಗಬಾರದು ಅಂತ ಬರೆಯುತ್ತಿದ್ದೇನೆ.

ಕಳೆದ ವರ್ಷ ನನಗೆ ಟೆನಿಸ್ ಎಲ್ಬೋ ಬಂತು. ಮೊಣಕೈಯ ಹೊರಬದಿಯಲ್ಲಿ ನೋವು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಆಗುತ್ತಿರಲಿಲ್ಲ. ನಾಲ್ಕು ತಿಂಗಳು ರಾಕೆಟ್ ಮುಟ್ಟಲಿಲ್ಲ. ವಾಪಸ್ ಆಡುವಾಗ ಸಾಫ್ಟ್ ಫ್ರೇಮ್, ಅಂದರೆ ಚೆಂಡು ತಾಗಿದಾಗ ಸ್ವಲ್ಪ ಬಾಗುವ ರಾಕೆಟ್ ಮಾತ್ರ ಅಂತ ಆಗಲೇ ತೀರ್ಮಾನ ಮಾಡಿದ್ದೆ.

ರಾಕೆಟ್ ಕೊಳ್ಳಲು ಹೋದಾಗ ಮಾರುವವನಿಗೆ ನಾನು ಹೇಳಿದ ಮೊದಲ ಮಾತೇ ಇದು. ಮೊಣಕೈ ಕಥೆ ಪೂರ್ತಿ ಹೇಳಿದೆ. ಆರ್‌ಎ 62 ದಾಟಬಾರದು ಅಂತ ಅಂಕಿ ಸಮೇತ ಹೇಳಿದೆ. ಆರ್‌ಎ ಅಂದರೆ ಫ್ರೇಮ್ ಎಷ್ಟು ಸ್ಟಿಫ್ ಅನ್ನುವ ಅಂಕಿ, ಕಡಿಮೆ ಇದ್ದಷ್ಟೂ ಸಾಫ್ಟ್. ಆತ ಒಂದು ರಾಕೆಟ್ ಕೈಗಿಟ್ಟ. "ಇದು 61 ಮೇಡಂ. ಬೆಣ್ಣೆ ಇದ್ದ ಹಾಗೆ. ಡೆಮೋ ಹೊಡೆದು ನೋಡಿ, ಆಮೇಲೆ ಮಾತಾಡೋಣ."

ಹೊಡೆದೆ. ನಿಜಕ್ಕೂ ಬೆಣ್ಣೆಯೇ! ಚೆಂಡು ಸ್ಟ್ರಿಂಗ್ ಒಳಗೆ ಮುಳುಗಿ ಎದ್ದ ಹಾಗೆ. ಹತ್ತು ನಿಮಿಷ ನಿಧಾನವಾಗಿ ಹೊಡೆದೆ, ಹೆಚ್ಚಿನ ಚೆಂಡು ಮಧ್ಯಕ್ಕೇ ಬಿತ್ತು. ಕೈಗೆ ಒಂಚೂರೂ ತೊಂದರೆ ಇಲ್ಲ. ಆ ಡೆಮೋ ರಾಕೆಟ್‌ನ ಸ್ಟ್ರಿಂಗ್ ಮೇಲೆ ಸಣ್ಣ ಸಣ್ಣ ನಾರು ಎದ್ದಿದ್ದವು, ಹಳೇ ದಾರದ ಮೇಲೆ ಏಳುತ್ತವಲ್ಲ, ಹಾಗೆ. ಕಣ್ಣಾರೆ ನೋಡಿದೆ. ಬೆರಳಲ್ಲಿ ಸವರಿಯೂ ನೋಡಿದೆ. ಅದು ಏನು ಅಂತ ಯೋಚಿಸಲಿಲ್ಲ.

ಅದೇ ಮಾಡೆಲ್ ಹೊಸದು ಕೊಂಡೆ. ಸ್ಟ್ರಿಂಗ್ ಆತನೇ ಹಾಕಿಕೊಟ್ಟ.

ಮೊದಲ ದಿನವೇ ಏನೋ ಬೇರೆ ಅನ್ನಿಸಿತು. ಹೊಸದಲ್ವಾ, ಪಳಗುತ್ತದೆ ಅಂದುಕೊಂಡೆ. ಮೂರನೇ ದಿನ ಒಂದು ಸರ್ವ್ ರಿಟರ್ನ್ ಫ್ರೇಮಿನ ಮೇಲಂಚಿಗೆ ತಾಗಿತು. ಮುಂಗೈಯಿಂದ ಮೊಣಕೈವರೆಗೆ ಝಲ್ ಅಂತ ಒಂದು ಏಟು. ಹಿಡಿ ಕೈಯಿಂದ ಜಾರಿತು. ಎರಡು ವಾರಕ್ಕೆ ಹಳೇ ನೋವು ಹಳೇ ಜಾಗದಲ್ಲೇ ವಾಪಸ್.

ಫೋನ್ ಮಾಡಿದೆ. ಆತ ಹೇಳಿದ್ದನ್ನು ಹಾಗೆ ಹಾಗೇ ಬರೆಯುತ್ತೇನೆ. ಮೊದಲು, "ನಿಮ್ಮ ಬ್ಯಾಕ್‌ಹ್ಯಾಂಡ್ ಸರಿ ಇಲ್ಲ ಮೇಡಂ." ನನ್ನ ಆಟ ಆತ ನೋಡಿದ್ದು ಹತ್ತು ನಿಮಿಷ! ಆಮೇಲೆ, "ಡ್ಯಾಂಪ್ನರ್ ಹಾಕಿಕೊಳ್ಳಿ, ಹೋಗುತ್ತೆ." ಡ್ಯಾಂಪ್ನರ್ ಅಂದರೆ ಸ್ಟ್ರಿಂಗ್ ನಡುವೆ ಸಿಕ್ಕಿಸುವ ಸಣ್ಣ ರಬ್ಬರ್ ತುಂಡು, ಅದು ಸ್ಟ್ರಿಂಗ್‌ನ ಝೇಂಕಾರ ನಿಲ್ಲಿಸುತ್ತದೆ ಅಷ್ಟೇ. ಫ್ರೇಮಿನಿಂದ ಕೈಗೆ ಬರುವ ಏಟನ್ನು ಅದು ತಡೆಯುವುದಿಲ್ಲ. ಇದು ರಾಕೆಟ್ ಮಾರುವವನಿಗೆ ಗೊತ್ತಿಲ್ಲವೇ?

ಕೊನೆಗೆ ಬೇರೆ ಕಡೆ ಸ್ಟ್ರಿಂಗ್ ಹಾಕುವ ಒಬ್ಬರ ಬಳಿ ಹೋದೆ. ಅವರ ಹತ್ತಿರ ಅಳೆಯುವ ಮೆಷಿನ್ ಇತ್ತು. ಫ್ರೇಮನ್ನು ಬಿಗಿಯಾಗಿ ಹಿಡಿಸಿ, ಭಾರ ಹೇರಿ, ಎಷ್ಟು ಬಾಗುತ್ತದೆ ಅಂತ ಅಳೆಯುವುದು. ಜಾಸ್ತಿ ಬಾಗಿದರೆ ಅಂಕಿ ಕಡಿಮೆ. ನನ್ನದು 70 ತೋರಿಸಿತು. ತಪ್ಪಿರಬಹುದು, ಇನ್ನೊಮ್ಮೆ ಅಳೆಯಿರಿ ಅಂದೆ. ಮತ್ತೆ 70. ಅದೂ ಸ್ಟ್ರಿಂಗ್ ಇರುವಾಗ. ಸ್ಟ್ರಿಂಗ್ ಹಾಕಿದ ಮೇಲೆ ಅಂಕಿ ಸಾಮಾನ್ಯವಾಗಿ ಸ್ವಲ್ಪ ಇಳಿದಿರುತ್ತದೆ. ಅಂದರೆ ಬರೀ ಫ್ರೇಮ್ ಇನ್ನೂ ಸ್ಟಿಫ್. ನನಗೆ ಅಲ್ಲೇ ಕುಸಿದ ಹಾಗಾಯಿತು. 61 ಅಂದಿದ್ದ. 61!

ಅವರು ನನ್ನ ಸ್ಟ್ರಿಂಗ್ ತೋರಿಸಿ, "ಇದು ಪಾಲಿಯೆಸ್ಟರ್, ಗಡಸು ಸ್ಟ್ರಿಂಗ್, ತುಂಬಾ ಬಿಗಿ ಇದೆ. ನೀವು ಹೊಡೆದ ಡೆಮೋದಲ್ಲಿ ನಾರು ಎದ್ದಿತ್ತಾ?" ಅಂತ ಕೇಳಿದರು. ಹೌದು ಅಂದೆ. "ಹಾಗಾದರೆ ಅದು ಮಲ್ಟಿಫಿಲಮೆಂಟ್" ಅಂದರು. ನೂರಾರು ಸಣ್ಣ ಎಳೆ ಸೇರಿಸಿ ಮಾಡುವ ಮೆತ್ತನೆಯ ಸ್ಟ್ರಿಂಗ್, ಸವೆದಂತೆ ನಾರು ಬಿಡುತ್ತದೆ. ಮಾರಿದವನ ಬಳಿಗೇ ವಾಪಸ್ ಹೋಗಿ ಆ ಡೆಮೋವನ್ನು ಮತ್ತೆ ಕೈಗೆತ್ತಿಕೊಂಡೆ. ಹಿಡಿಯ ಮೇಲೆ ಫ್ರೇಮ್ ಕವಲೊಡೆಯುವ ಥ್ರೋಟ್ ಒಳಗಡೆ ಸ್ಟ್ರಿಂಗ್ ಬಿಗಿತದ ಚೀಟಿ ಅಂಟಿಸಿದ್ದರು, 46 ಪೌಂಡ್. ನನ್ನದಕ್ಕೆ ಹಾಕಿದ್ದು 56. ನಾನು ಮೆಚ್ಚಿದ್ದು ಸ್ಟ್ರಿಂಗ್‌ನ ಮೆತ್ತನೆಯ ಗುಣವನ್ನು, ಫ್ರೇಮಿನದ್ದಲ್ಲ. ಫ್ರೇಮ್ ಕಲ್ಲಿನ ಹಾಗೇ ಇತ್ತು, ಡೆಮೋದಲ್ಲೂ.

ಚೀಟಿ ತೋರಿಸಿ ಕೇಳಿದೆ. "ಡೆಮೋಗೆ ಯಾವ ಸ್ಟ್ರಿಂಗ್ ಇದೆ ಅಂತ ನೀವು ಕೇಳಲಿಲ್ಲವಲ್ಲ" ಎಂದ. 61 ಅಂದಿದ್ದು? "ಅಂದಾಜು ಹೇಳಿದ್ದು ಮೇಡಂ." ವಾಪಸ್ ತಗೋ ಅಂದರೆ, "ಆಡಿದ ರಾಕೆಟ್ ತಗೊಳ್ಳಲ್ಲ. ದೊಡ್ಡ ದೊಡ್ಡ ಆಟಗಾರರೇ ಸ್ಟಿಫ್ ಆಡುತ್ತಾರೆ, ನಿಮಗೇನು?"

ಆಡಲಿ! ಸ್ಟಿಫ್ ಫ್ರೇಮ್ ಕೆಟ್ಟದ್ದು ಅಂತ ನಾನು ಎಲ್ಲಿ ಹೇಳಿದೆ? ಕಡಿಮೆ ಬಾಗುವುದರಿಂದ ಚೆಂಡಿಗೆ ವೇಗ ಸುಲಭವಾಗಿ ಸಿಗುತ್ತದೆ. ನನ್ನ ಡಬಲ್ಸ್ ಜೊತೆಗಾತಿಗೆ ಅದೇ ಬೇಕು, ಸಾಫ್ಟ್ ಫ್ರೇಮ್ ಕೊಟ್ಟರೆ ಸರ್ವ್‌ನಲ್ಲಿ ಜೀವವೇ ಇಲ್ಲ ಅನ್ನುತ್ತಾಳೆ. ಬಾಬೊಲಾ ಪ್ಯೂರ್ ಡ್ರೈವ್ 70ರ ಆಸುಪಾಸು, ಲಕ್ಷಾಂತರ ಜನ ಇಷ್ಟಪಟ್ಟು ಆಡುತ್ತಾರೆ. 2019ರಲ್ಲಿ ಬಂದ ವಿಲ್ಸನ್ ಕ್ಲ್ಯಾಶ್ 55ರ ಆಸುಪಾಸು, ಅದಕ್ಕೂ ಜನ ಇದ್ದಾರೆ. ಅವರವರ ಕೈ, ಅವರವರ ಇಷ್ಟ. ಆದರೆ ಸಾಫ್ಟ್ ಬೇಕು, ಕೈ ನೋವಿದೆ ಅಂತ ಬಾಯಿ ಬಿಟ್ಟು ಕೇಳಿದವಳಿಗೆ 70ರದ್ದನ್ನು 61 ಅಂತ ಕೊಡುವುದು ಸುಳ್ಳು. ಶುದ್ಧ ಸುಳ್ಳು.

ಹೆಚ್ಚಿನ ರಾಕೆಟ್‌ಗಳ ಮೇಲೆ ತೂಕ, ಹೆಡ್ ಸೈಜ್, ಸ್ಟ್ರಿಂಗ್ ಪ್ಯಾಟರ್ನ್ ಬರೆದಿರುತ್ತಾರೆ, ಆರ್‌ಎ ಬರೆದಿರುವುದಿಲ್ಲ. ಇಂಥವರಿಗೆ ಅದೇ ಅನುಕೂಲ. ಬಾಯಿಮಾತಿನ ಅಂಕಿ ನಂಬಬೇಡಿ, ಅಳೆಸಿ ಅಥವಾ ಬರೆದು ಕೊಡಲು ಹೇಳಿ. ಡೆಮೋಗೆ ಯಾವ ಸ್ಟ್ರಿಂಗ್, ಎಷ್ಟು ಪೌಂಡ್ ಅಂತ ಕೇಳಿ, ಕೊಳ್ಳುವುದಕ್ಕೂ ಅದೇ ಹಾಕಿಸಿ. ಮಧ್ಯಕ್ಕೆ ಮಾತ್ರ ಹೊಡೆಯಬೇಡಿ. ಜೋರಾಗಿ ಹೊಡೆಯಿರಿ, ಅಂಚಿಗೂ ತಾಗಲಿ.

ಪಾಲಿಯೆಸ್ಟರ್ ಕತ್ತರಿಸಿ ತೆಗೆಸಿ ಮಲ್ಟಿಫಿಲಮೆಂಟ್ ಹಾಕಿಸಿದ್ದೇನೆ, 46ಕ್ಕೆ. ಏಟು ಸ್ವಲ್ಪ ಕಡಿಮೆಯಾಗಿದೆ. ಮೊಣಕೈ ಇನ್ನೂ ಸರಿಯಾಗಿಲ್ಲ. ಆ ಡೆಮೋ ರಾಕೆಟ್ ಮೊನ್ನೆಯೂ ಅದೇ ಜಾಗದಲ್ಲಿ ನೇತಾಡುತ್ತಿತ್ತು. ಚೀಟಿ ಮಾತ್ರ ಕಿತ್ತುಹಾಕಿದ್ದಾರೆ.