ಪೇಂಟಿಂಗ್ ಅಂತ ಪ್ರಿಂಟು ತಲೆಗೆ ಕಟ್ಟಿದರು, ಶಿವಮೊಗ್ಗದವರೇ ಹುಷಾರು

ಗೃಹಪ್ರವೇಶಕ್ಕೋ ಹೋಮ್‌ಸ್ಟೇಗೋ ದೊಡ್ಡ ಪೇಂಟಿಂಗ್ ಹುಡುಕುತ್ತಿರುವವರು ದಯವಿಟ್ಟು ಓದಿ. ಶಿವಮೊಗ್ಗದ ಒಂದು ಅಂಗಡಿ. ಹೆಸರು ಹಾಕುವುದಿಲ್ಲ. "ಆಯಿಲ್ ಪೇಂಟಿಂಗ್, ಪೂರ್ತಿ ಕೈಯಲ್ಲೇ ಬರೆದದ್ದು" ಅಂತ 18,000 ರೂಪಾಯಿ ತೆಗೆದುಕೊಂಡರು. ಕೊಟ್ಟಿದ್ದು ಪ್ರಿಂಟು. ಬರೀ ಪ್ರಿಂಟು!

ಚಿತ್ರ ವೆನಿಸ್ ಊರಿನದು. 1697ರಲ್ಲಿ ಅಲ್ಲೇ ಹುಟ್ಟಿದ ಕ್ಯಾನಲೆಟ್ಟೊ ಬರೆದದ್ದರ ನಕಲು. ನಕಲು ಅಂತ ಅವರೇ ಹೇಳಿದ್ದರು, ಆ ವಿಷಯಕ್ಕೆ ನನ್ನ ತಕರಾರಿಲ್ಲ. ನೀರಿನ ಅಂಚಿಗೆ ಆಗ ವೆನಿಸ್ ಆಳುತ್ತಿದ್ದ ಡೋಜ್‌ನ ಅರಮನೆ, ಪಕ್ಕದಲ್ಲಿ ಸೇಂಟ್ ಮಾರ್ಕ್ ಗಂಟೆಗೋಪುರ, ತುಂಬಾ ಗೊಂಡೊಲಾ ದೋಣಿಗಳು, ನಡುವೆ ಚಿನ್ನದ ಬಣ್ಣದ ಬುಚಿಂತೊರೊ. ಅಲ್ಲಿನ ಡೋಜ್ ವರ್ಷಕ್ಕೊಮ್ಮೆ ಆ ದೋಣಿಯಲ್ಲಿ ಹೋಗಿ ಸಮುದ್ರಕ್ಕೆ ಉಂಗುರ ಹಾಕಿ ಅದನ್ನೇ ಮದುವೆಯಾಗುತ್ತಿದ್ದ. ಸಿಗಂದೂರು ಲಾಂಚಿನಲ್ಲಿ ಓಡಾಡಿ ಬೆಳೆದ ನನಗೆ ದೋಣಿ ಕಂಡರೆ ಮುಗೀತು.

ಮಳೆಗಾಲದಲ್ಲಿ ಪರಿಚಯದ ಡ್ರಾಯಿಂಗ್ ಮೇಷ್ಟ್ರು ಮನೆಗೆ ಬಂದಿದ್ದರು. ನಾನು ಜಂಬದಿಂದ ತೋರಿಸಿದೆ. "ಮುಟ್ಟಲಾ?" ಅಂದರು. ಆಕಾಶದ ತುಂಬಾ ಸಣ್ಣ ಸಣ್ಣ ಬಿರುಕು ಕಾಣುತ್ತೆ, ಬೆರಳಿಗೆ ಮಾತ್ರ ನುಣ್ಣಗೆ. "ಬಿರುಕು ಇರೋದು ಮೂಲ ಚಿತ್ರದಲ್ಲಿ. ಇಲ್ಲಿ ಅದರ ಫೋಟೋ ಅಷ್ಟೇ" ಅಂದರು. ಭೂತಗನ್ನಡಿ ಹಿಡಿದರೆ ಬರೀ ಇಂಕಿನ ಚುಕ್ಕಿ. ಕುಂಚದ ಗೀರು ಅಂದುಕೊಂಡಿದ್ದು ಮೇಲೆ ಬಳಿದ ಜೆಲ್. ದೋಸೆಗೆ ಎಣ್ಣೆ ಸವರಿದ ಹಾಗೆ ಅಂಬಿಗನ ತಲೆ ಮೇಲಿಂದ ನೀರಿನವರೆಗೆ ಒಂದೇ ಎಳೆತ! ಫ್ರೇಮ್ ಬಿಚ್ಚಿದರೆ ಮಡಚಿದ ಅಂಚಿನಲ್ಲಿ ಅದೇ ದೋಣಿ ಉಲ್ಟಾ. ಮೇಷ್ಟ್ರ ಎದುರಿಗೆ ಮುಖ ಎಲ್ಲಿಡೋದು ಗೊತ್ತಾಗಲಿಲ್ಲ.

ಅಂಗಡಿಗೆ ಹೋದೆ. "ಕೈಯಿಂದ ಮಾಡಿದ್ದೇ ಮೇಡಂ, ನಮ್ಮ ಹುಡುಗ ಕೈಯಿಂದಲೇ ಜೆಲ್ ಹಚ್ಚೋದು."

"ಮತ್ತೆ ಕೋಲ್ಕತ್ತಾದ ಆರ್ಟಿಸ್ಟು ತಿಂಗಳುಗಟ್ಟಲೆ ಕೂತು ಬರೆದದ್ದು ಅಂದ್ರಲ್ಲ?"

"ಅದು ಬೇರೆ ಪೀಸು ಮೇಡಂ."

ದುಡ್ಡು ವಾಪಸ್ ಕೇಳಿದರೆ, "ವೆನಿಸ್‌ಗೆ ಹೋಗಿ ಬರೋಕೆ ಎಷ್ಟು ಲಕ್ಷ ಆಗುತ್ತೆ, ಯೋಚನೆ ಮಾಡಿ" ಅಂದರು. ಇದೊಂದು ಉತ್ತರವಾ? ಸಂಜೆ ವಾಟ್ಸಾಪಿನಲ್ಲಿ ಇನ್ನೊಂದು: "ಗೋಡೆಗೆ ಚೆನ್ನಾಗಿದೆ ಅಲ್ವಾ, ಬಂದವರಿಗೆ ಏನು ಗೊತ್ತಾಗುತ್ತೆ?" ಜೊತೆಗೆ ಕೈ ಮುಗಿಯುವ ಇಮೋಜಿ. ಬಂದವರಿಗೆಲ್ಲ ಕೈಯಲ್ಲಿ ಬರೆದದ್ದು ಅಂತ ಹೇಳಿಕೊಂಡು ತಿರುಗಿದವಳು ನಾನು. ಮೈ ಉರಿಯಿತು.

ಪ್ರಿಂಟ್ ಮಾರುವುದು ತಪ್ಪಲ್ಲ. ಕ್ಯಾನಲೆಟ್ಟೊ ತೀರಿಕೊಂಡಿದ್ದು 1768ರಲ್ಲಿ, ಅವನ ಚಿತ್ರ ಯಾರು ಬೇಕಾದರೂ ಪ್ರಿಂಟ್ ಹಾಕಬಹುದು. ಪ್ರಿಂಟ್ ಅಂತ ಹೇಳಿ, ಪ್ರಿಂಟಿನ ದುಡ್ಡು ತಗೊಳ್ಳಿ. ಅಷ್ಟೇ ಅಲ್ವಾ?

ತಗೊಳ್ಳುವ ಮೊದಲು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಫ್ರೇಮ್ ಬಿಚ್ಚಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಬಿಲ್ಲಿನಲ್ಲಿ "ಕೈಯಲ್ಲಿ ಬರೆದ ಆಯಿಲ್ ಪೇಂಟಿಂಗ್" ಅಂತ ಬರೆಸಿ. ನನ್ನ ಬಿಲ್ಲಿನಲ್ಲಿರುವುದು "ವಾಲ್ ಡೆಕೋರ್ - 1".

ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ನಾನು ಕೊಡುತ್ತಿದ್ದೇನೆ. ಬಿಲ್ಲು ನಂಬಿಕೊಂಡರೆ ಆಗಲ್ಲ ಅಂದರು ವಕೀಲರು. ಆದರೆ ಮಾರುವ ಮೊದಲು "100% ಹ್ಯಾಂಡ್ ಪೇಂಟೆಡ್" ಅಂತ ಅವರೇ ಫೋಟೋ ಸಮೇತ ಕಳಿಸಿದ ಮೆಸೇಜ್ ಇದೆ. ಈಗ ಅಳಿಸಿದರೂ ಪ್ರಯೋಜನ ಇಲ್ಲ, ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.