ಹೊಳೆಯುವ ಪಟ್ಟಿ ಮತ್ತು ತೋಟದ ವೀಳ್ಯದೆಲೆ: ಕೀಟನಾಶಕ ಪತ್ತೆಯ ಪೆಟ್ಟಿಗೆಯೊಂದರ ಪರೀಕ್ಷೆ

ಶಿರಸಿ ಪೇಟೆಗೆ ಬಯಲುಸೀಮೆಯಿಂದ ಬರುವ ಹೂಕೋಸು, ದೊಣ್ಣೆಮೆಣಸುಗಳಿಗೆ ಎಷ್ಟು ಔಷಧಿ ಹೊಡೆದಿರುತ್ತಾರೋ ಎಂಬ ಅನುಮಾನ ನಮ್ಮ ಮನೆಯಲ್ಲಿ ಹಳೆಯದು. ಆದ್ದರಿಂದ, ಪ್ರತಿದೀಪ್ತ ನ್ಯಾನೊಕಣಗಳ, ಅಂದರೆ ಬೆಳಕು ಬಿದ್ದಾಗ ತಾವೇ ಹೊಳೆಯುವ ಅತಿಸೂಕ್ಷ್ಮ ಕಣಗಳ ಪಟ್ಟಿಯಿಂದ ಕೀಟನಾಶಕದ ಉಳಿಕೆಯನ್ನು ಅಡುಗೆಮನೆಯಲ್ಲೇ ತೋರಿಸುತ್ತೇವೆನ್ನುವ ಪೆಟ್ಟಿಗೆಯೊಂದನ್ನು ತರಿಸಿ ಈ ಮಳೆಗಾಲದಲ್ಲಿ ಎರಡು ತಿಂಗಳು ಬಳಸಿದೆ.

ಪಟ್ಟಿಯ ಮೇಲಿನ ಇಂಗಾಲದ ಕಣಗಳು 365 ನ್ಯಾನೊಮೀಟರಿನ ನೇರಳಾತೀತ ಟಾರ್ಚಿಗೆ ನೀಲಿಯಾಗಿ ಹೊಳೆಯುವಂಥವು. ಮ್ಯಾಂಗನೀಸ್ ಡೈಆಕ್ಸೈಡಿನ ತೆಳುಪದರ ಆ ಹೊಳಪನ್ನು ಅಡಗಿಸಿಟ್ಟಿರುತ್ತದೆ. ಸೀಸೆಯಲ್ಲಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಕೆಲಸದಿಂದ ಹುಟ್ಟುವ ಥಯೋಕೋಲಿನ್ ಎಂಬ ರಾಸಾಯನಿಕವು ಆ ಪದರವನ್ನು ಕರಗಿಸಿದರೆ ಹೊಳಪು ಮರಳುತ್ತದೆ. ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕವಿದ್ದರೆ ಕಿಣ್ವ ಸೋಲುತ್ತದೆ, ಪಟ್ಟಿ ಮಂಕಾಗಿಯೇ ಉಳಿಯುತ್ತದೆ.

ಪೇಟೆಯ ತರಕಾರಿಯ ಮಟ್ಟಿಗೆ ಪೆಟ್ಟಿಗೆ ಚೆನ್ನಾಗಿಯೇ ನಡೆದುಕೊಂಡಿತು. ಹಿತ್ತಲ ಬಸಳೆಯನ್ನು ಅದ್ದಿ ತೆಗೆದ ನೀರಿಗೆ ಪಟ್ಟಿ ನೀಲಿಯಾಗಿ ಬೆಳಗಿತು. ಒಮ್ಮೆ ತಂದ ಹೂಕೋಸಿಗೆ ಮಂಕಾದದ್ದು, ಅದನ್ನೇ ಉಪ್ಪುನೀರಿನಲ್ಲಿ ನೆನೆಸಿ ತೊಳೆದ ಮೇಲೆ ಅರ್ಧದಷ್ಟು ಚೇತರಿಸಿಕೊಂಡಿತು. ಸೊಪ್ಪನ್ನು ಜಜ್ಜುವಂತಿಲ್ಲ, ಏಕೆಂದರೆ ಹರಿತ್ತು ತಾನೇ ಕೆಂಪಾಗಿ ಹೊಳೆದು ಗೊಂದಲವೆಬ್ಬಿಸುತ್ತದೆ. ಹಾಗಾಗಿ ಎಲೆಯ ಒಳಗೆ ಸೇರಿದ ವಿಷ ಲೆಕ್ಕಕ್ಕೆ ಸಿಗುವುದಿಲ್ಲ.

ತೊಡಕು ಶುರುವಾದದ್ದು ನಮ್ಮದೇ ತೋಟದ ವೀಳ್ಯದೆಲೆಯಿಂದ. ಬಳ್ಳಿಗೆ ಯಾವ ಕೀಟನಾಶಕವನ್ನೂ ಹೊಡೆದಿರಲಿಲ್ಲ, ಆದರೂ ಪಟ್ಟಿ ಕರ್ರಗೆ ಕುಳಿತಿತು. ಅತ್ತೆಯವರು ಬಾಯಿಗೆ ಹೋಗಬೇಕಿದ್ದ ಎಲೆಯನ್ನು ಹರಿವಾಣಕ್ಕೆ ಮರಳಿಸಿದರು. ಆಮೇಲೆ ನೆನಪಾಯಿತು: ಕೊಳೆರೋಗಕ್ಕೆಂದು ಜೂನಿನಲ್ಲಿ, ಮರ ಹತ್ತುವ ಕೆಲಸದ ಕೊನೆಗೌಡ ಅಡಿಕೆ ಗೊನೆಗೆ ಹೊಡೆದ ಬೋರ್ಡೋ ದ್ರಾವಣ ಕೆಳಗಿನ ಬಳ್ಳಿಗೂ ಸಿಡಿದಿತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದರಲ್ಲಿ ತಾಮ್ರವಿದೆ, ತಾಮ್ರದ ಅಯಾನುಗಳು ಇಂಗಾಲದ ಕಣಗಳ ಹೊಳಪನ್ನು ನೇರವಾಗಿಯೇ ಕುಗ್ಗಿಸಬಲ್ಲವು. ಪರೀಕ್ಷಿಸಲು ಬಾವಿನೀರಿಗೆ ಮೈಲುತುತ್ತಿನ ಒಂದು ಹರಳು ಕದಡಿ ಪಟ್ಟಿ ಅದ್ದಿದೆ. ಅದೂ ಮಂಕಾಯಿತು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಅಡಿಕೆ ಸೀಮೆಯಲ್ಲಿ ಮಾರುವ ಸಾಧನಕ್ಕೆ ಇದು ಸಣ್ಣ ಲೋಪವಲ್ಲ.

ಇದಕ್ಕಿಂತ ಗಂಭೀರವಾದದ್ದು, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ‘ಎಲ್ಲ ಕೀಟನಾಶಕಗಳು’ ಎಂಬ ಮಾತು. ನಮ್ಮ ಜಿಲ್ಲೆಯ ಕರಾವಳಿಯ ಗೇರುತೋಟಗಳ ಸುತ್ತ ಎಷ್ಟೋ ಮನೆಗಳನ್ನು ನರಳಿಸಿದ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನ್ ಈ ಕಿಣ್ವದ ತಂಟೆಗೆ ಹೋಗುವ ವಿಷವಲ್ಲ. ಇಂದು ಧಾರಾಳವಾಗಿ ಬಳಕೆಯಲ್ಲಿರುವ ಇಮಿಡಾಕ್ಲೋಪ್ರಿಡ್ ಕೂಡ ಅಲ್ಲ. ಅಂಥವು ಎಷ್ಟಿದ್ದರೂ ಪಟ್ಟಿ ನೀಲಿಯಾಗಿಯೇ ಹೊಳೆಯುತ್ತದೆ.

ಕಿಣ್ವದ ಸೀಸೆಯನ್ನು ಫ್ರಿಜ್ಜಿನಲ್ಲಿಡಬೇಕು. ಆಷಾಢದಲ್ಲಿ ಎರಡು ದಿನ ಕರೆಂಟು ಹೋದಾಗ ಒಂದು ಸೀಸೆ ಕೆಟ್ಟು, ಬರೀ ಬಾವಿನೀರಿಗೂ ಪಟ್ಟಿ ಬೆಳಗಲಿಲ್ಲ. ಅಂದಿನಿಂದ ಪ್ರತಿ ಸಲ ಮೊದಲು ಬಾವಿನೀರಿಗೆ ಅದ್ದಿ ನೋಡುತ್ತೇನೆ. ಪೇಟೆಯ ತರಕಾರಿಗೆ ಇದನ್ನು ಇನ್ನೂ ಬಳಸುತ್ತೇನೆ, ತೋಟದ ಎಲೆಗೆ ಬಳಸುವುದಿಲ್ಲ. ಮಾರಾಟಕ್ಕಿಟ್ಟ ಕಾಳುಮೆಣಸಿನ ಮಾದರಿಯನ್ನು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯಕ್ಕೇ ಕಳಿಸಿದ್ದೇನೆ.