‘ಡುಮ್ಮಿ ಸೈಜ್’ ಎಂದ ಬಟ್ಟೆ ಅಂಗಡಿ
ಬೆಂಗಳೂರಿನ ಜಯನಗರದಲ್ಲಿರುವ ಈ ಸಿದ್ಧ ಉಡುಪಿನ ಅಂಗಡಿಯಲ್ಲಿ ಹತ್ತಿ ಕುರ್ತಾಗಳ ಹೊಲಿಗೆ ಅಚ್ಚುಕಟ್ಟಾಗಿದೆ, ಡಬಲ್ ಎಕ್ಸ್‌ಎಲ್ ಅಳತೆಯವೂ ಬೇಕಾದಷ್ಟಿವೆ. ಆದರೆ ನನ್ನ ತಂಗಿಗೆ ಬಟ್ಟೆ ತೋರಿಸುತ್ತಿದ್ದ ಸಿಬ್ಬಂದಿ ಒಳಗಿದ್ದವರಿಗೆ ‘ಡುಮ್ಮಿ ಸೈಜ್ ಕೊಡಿ’ ಎಂದು ಕೂಗಿ ಹೇಳಿದ್ದು ನನಗೆ ತೀವ್ರ ನೋವುಂಟುಮಾಡಿತು. ಅಜ್ಜಿ ಮೊಮ್ಮಗಳನ್ನು ‘ಡುಮ್ಮಿ’ ಎಂದು ಕರೆದರೆ ಅದರಲ್ಲಿರುವುದು ಮುದ್ದು. ಮಗು ‘ಗುಂಡು ಗುಂಡಗಿದೆ’ ಎಂಬುದು ಹೊಗಳಿಕೆ, ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ಮೆಚ್ಚುಗೆ, ‘ದಢೂತಿ’ಯಾದರೋ ಯಾರು ಆಡಿದರೂ ಒರಟು ಮಾತೇ. ಸಲುಗೆಯಲ್ಲಿ ಒಪ್ಪುವ ಪದವು ಅಪರಿಚಿತರ ಬಾಯಿಂದ, ಅದೂ ಹತ್ತು ಜನರ ಎದುರು ಬಂದಾಗ, ಅವಮಾನವಾಗುತ್ತದೆ. ‘ದೊಡ್ಡ ಅಳತೆ’ ಎಂದಿದ್ದರೆ ಸಾಕಿತ್ತು. ಮಾಲೀಕರು ಕೂಡಲೇ ಕ್ಷಮೆ ಕೇಳಿದರು, ಅದನ್ನು ಮರೆಯಲಾರೆ. ಬಟ್ಟೆಗೆ 5ರಲ್ಲಿ 4 ಅಂಕ, ಮಾತಿಗೆ 2.